ಸರೋವರಕ್ಕೆ ಅಂಟಿಕೊಂಡ ಲೆಕ್ಕದ ಮೇಷ್ಟ್ರು

ಈಗಿನ ಚಳಿಗೆ ಮರ್ಯಾದೆ ಅನ್ನುವುದೇ ಇಲ್ಲ. ನಲವತ್ತೈದಕ್ಕೆ ಇಳಿಯುವಷ್ಟರಲ್ಲೇ ಅದಕ್ಕೆ ಏದುಸಿರು ಬರುತ್ತದೆ. ನಲವತ್ತೆಂಟು ಮುಟ್ಟಿದರೆ ಏನೋ ಘನಕಾರ್ಯ ಮಾಡಿದಂತೆ ಎರಡು ದಿನ ನಿಂತು, ಮೂರನೆಯ ದಿನ ಕೈಚೆಲ್ಲಿಬಿಡುತ್ತದೆ. (ಸೊನ್ನೆಗಿಂತ ಕೆಳಗೆ ಎಂದು ಉತ್ತರದ ಹಿಮಸೀಮೆಯಾದ ನಮ್ಮ ಯಾಕುತಿಯಾದಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಡಿಸೆಂಬರಿನಲ್ಲಿ ಸೊನ್ನೆಯ ಮೇಲಿನ ವಿಚಾರ ಯಾರಿಗೆ ಬೇಕು?) ಅಷ್ಟಕ್ಕೇ ನನ್ನ ಮೊಮ್ಮಕ್ಕಳು ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತು ಬಂದು, ತಾತ ನಾವು ಸತ್ತೇಹೋದೆವು ಅನ್ನುತ್ತಾರೆ. ಸತ್ತವರು ಮನೆಯೊಳಗೆ ಬಂದ ಕೂಡಲೇ ಫ್ರಿಜ್ಜಿನ ಬಾಗಿಲು ತೆಗೆದು ಐಸ್‌ಕ್ರೀಮ್ ತಿನ್ನುತ್ತಾರೆ.

ನಮ್ಮ ಕಾಲದಲ್ಲಿ ಐವತ್ತು ಅಂದರೆ ಐವತ್ತು. ಡಿಸೆಂಬರಿನಲ್ಲಿ ಬಂದು ಕೂತರೆ ಫೆಬ್ರವರಿಯವರೆಗೆ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಬೀದಿಯಲ್ಲಿ ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ, ಎದುರಿಗೆ ಬಂದವರನ್ನು ಅವರ ಕೆಮ್ಮಿನಿಂದ ಗುರುತಿಸಿ ಮಾತಾಡಿಸಬೇಕಿತ್ತು. ಹಾಲನ್ನು ಬಟ್ಟಲಲ್ಲಿ ಹೊರಗಿಟ್ಟು ಗಟ್ಟಿ ಮಾಡಿ ಬಿಲ್ಲೆ ಬಿಲ್ಲೆಯಾಗಿ ಕೊಡುತ್ತಿದ್ದರು, ನಾವು ಅದನ್ನು ಪುಸ್ತಕದಂತೆ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ತರುತ್ತಿದ್ದೆವು. ಒಗೆದು ಹೊರಗೆ ಹಾಕಿದ ನನ್ನ ಉಣ್ಣೆಯ ಪಾಯಿಜಾಮವನ್ನು ಒಳಗೆ ತಂದು ಗೋಡೆಗೆ ಒರಗಿಸಿದರೆ, ಅದು ಸ್ವಲ್ಪ ಹೊತ್ತು ಸೆಟೆದು ನಿಂತಿದ್ದು, ಒಲೆಯ ಕಾವಿಗೆ ನಿಧಾನವಾಗಿ ಮಂಡಿಯೂರುತ್ತಿತ್ತು. ಆ ಪಾಯಿಜಾಮಕ್ಕೆ ಇರುವಷ್ಟು ಬೆನ್ನೆಲುಬೂ ನಿನಗಿಲ್ಲ ಎಂದು ದಾರಿಯಾ ನನಗೆ ಆಗಾಗ ಹೇಳುತ್ತಿದ್ದಳು. ದಾರಿಯಾ ಎಂದರೆ ನನ್ನ ಹೆಂಡತಿ. ಇದನ್ನು ಬರೆಯುತ್ತಿರುವಾಗ ಅವಳು ನನ್ನ ಹೆಗಲ ಹಿಂದೆ ನಿಂತು ಓದುತ್ತಿದ್ದಾಳೆ, ಆದ್ದರಿಂದ ನಾನು ಬರೆಯುವುದೆಲ್ಲ ಸತ್ಯವೆಂದು ನೀವು ಧಾರಾಳವಾಗಿ ನಂಬಬಹುದು.

ಆಗ ನಾನು ಒಂದು ಹಳ್ಳಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಹೆಸರು ತೆರೆಂತಿ, ವಯಸ್ಸು ಇಪ್ಪತ್ತೇಳು. ಆದರೆ ನಮ್ಮಲ್ಲಿ ಮದುವೆಯಾದ ಮರುದಿನದಿಂದಲೇ ಹೆಂಡತಿ ಗಂಡನನ್ನು ಪ್ರೀತಿಯಿಂದ 'ಮುದುಕ' ಎಂದು ಕರೆಯುವ ರೂಢಿ ಇರುವುದರಿಂದ, ನಾನು ಮನೆಯೊಳಗೆ ಮುದುಕನೂ ಹೊರಗೆ ಮೇಷ್ಟ್ರೂ ಆಗಿದ್ದೆ. ಹುಟ್ಟಿ ಬೆಳೆದದ್ದು ಪಟ್ಟಣದಲ್ಲಿ. ಕೊಡಲಿಯ ಯಾವ ಕಡೆ ಹರಿತ ಎಂಬುದು ನನಗೆ ತಾತ್ವಿಕವಾಗಿ ಮಾತ್ರ ಗೊತ್ತಿತ್ತು. ದಾರಿಯಾಳ ತಾಯಿ ಮಾತ್ರ್ಯೋನಾ ಈ ಸಂಬಂಧಕ್ಕೆ ಒಪ್ಪಿದ್ದೇ ಅರೆಮನಸ್ಸಿನಿಂದ. ಮದುವೆಯ ದಿನ ಅವರು ನನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿ, ಒಂದು ಮಾತೂ ಆಡದೆ ವಾಪಸ್ಸು ಕೊಟ್ಟಿದ್ದರು. ಅಂದಿನಿಂದ ಅವರ ಬಾಯಲ್ಲಿ ನಾನು ಅಳಿಯ ಅಲ್ಲ, ತೆರೆಂತಿಯೂ ಅಲ್ಲ, 'ಮೇಷ್ಟ್ರು'. ಅದೂ ಬಹುವಚನದಲ್ಲಿ.

ಆ ಹಳ್ಳಿಯಲ್ಲಿ ಬಾವಿ ಇರಲಿಲ್ಲ. ಎಷ್ಟು ಆಳ ತೋಡಿದರೂ ಕಲ್ಲಿನಂತೆ ಹೆಪ್ಪುಗಟ್ಟಿದ ನೆಲವೇ. ಕುಡಿಯುವ ನೀರೆಲ್ಲ ಊರ ಮುಂದಿನ ಸರೋವರದ್ದು. ಆ ಸರೋವರವನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಎಲ್ಲರೂ 'ಅಜ್ಜಿ' ಎನ್ನುತ್ತಿದ್ದರು. ನವೆಂಬರಿನ ಮೊದಲ ವಾರ ಅಜ್ಜಿಯ ಮೇಲೆ ಮಂಜುಗಡ್ಡೆ ಒಂದು ಗೇಣು ದಪ್ಪ ಕಟ್ಟಿದ ಕೂಡಲೇ ಇಡೀ ಊರು ಹಾರೆ, ಗರಗಸ ಹಿಡಿದು ಹೊರಡುತ್ತಿತ್ತು. ಮೊದಲು ಅಜ್ಜಿಗೆ ಒಂದು ಚೂರು ಬೆಣ್ಣೆ ಹಚ್ಚಿದ ದೋಸೆ ಇಟ್ಟು, ಆಮೇಲೆ ಚೌಕ ಚೌಕವಾಗಿ ಗಡ್ಡೆ ಕಡಿದು, ಎತ್ತಿನ ಜಾರುಬಂಡಿಯಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಒಟ್ಟುತ್ತಿದ್ದರು. ಮೇ ತಿಂಗಳವರೆಗೆ ಅದೇ ನೀರು. ಯಾವ ಮನೆಯ ಒಟ್ಟಿಲು ಎಷ್ಟು ಎತ್ತರ, ಎಷ್ಟು ನೆಟ್ಟಗೆ ಎಂಬುದರ ಮೇಲೆ ಆ ಮನೆಯ ಗಂಡಸಿನ ಯೋಗ್ಯತೆ ಇಡೀ ಚಳಿಗಾಲ ಬೀದಿಯಲ್ಲಿ ನಿಂತಿರುತ್ತಿತ್ತು.

ಆ ವರ್ಷ ನನ್ನ ಯೋಗ್ಯತೆ ನಿಲ್ಲಲಿಲ್ಲ, ಯಾಕೆಂದರೆ ನನಗೊಂದು ಉಪಾಯ ಹೊಳೆದಿತ್ತು.

ಆ ಉಪಾಯವನ್ನು ನಾನು ಏಳನೆಯ ತರಗತಿಯ ಕಪ್ಪು ಹಲಗೆಯ ಮೇಲೆ ಸಾಧಿಸಿ ತೋರಿಸಿದ್ದೆ. ನವೆಂಬರಿನಲ್ಲಿ ಗಡ್ಡೆ ಒಂದು ಗೇಣು ದಪ್ಪ, ಮನೆಗೆ ಬೇಕಾದದ್ದು ಅರವತ್ತು. ಡಿಸೆಂಬರಿನ ನಡುವಿಗೆ ಅದೇ ಗಡ್ಡೆ ಮೂರು ಗೇಣು ದಪ್ಪ. ಹಾಗಾದರೆ ಬೇಕಾದದ್ದು ಇಪ್ಪತ್ತೇ. ಅರವತ್ತು ಸಲ ಬಗ್ಗುವ ಮೂರ್ಖರೆಲ್ಲಿ, ಇಪ್ಪತ್ತು ಸಲ ಬಗ್ಗುವ ಬುದ್ಧಿವಂತನೆಲ್ಲಿ. ಊರೆಲ್ಲ ಅಜ್ಜಿಯ ಮೇಲೆ ಬೆವರು ಸುರಿಸುತ್ತಿದ್ದ ದಿನ ನಾನು ಒಲೆಯ ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪಕ್ಕದ ಮನೆಯ ಬಹಿಲಾಯ್ ಮಾಮ ಕಿಟಕಿಯ ಹತ್ತಿರ ಬಂದು, ಬರಲ್ವಾ ಅಂತ ಕೇಳಿದರು. ನಾನು ಅವರಿಗೂ ಲೆಕ್ಕ ವಿವರಿಸಿದೆ. ಅವರು ಬೆರಳು ಮಡಿಸಿ ಎಣಿಸಿ ನೋಡಿದರು.

"ಲೆಕ್ಕ ಸರಿ ಇದೆ ಮೇಷ್ಟ್ರೇ. ಎತ್ತೋದು ಯಾರು?" ಎಂದರು.

ಅದು ಪಠ್ಯಕ್ರಮಕ್ಕೆ ಹೊರಗಿನ ಪ್ರಶ್ನೆಯೆಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನೆಲಮಾಳಿಗೆಯಲ್ಲಿ ಮಿಕ್ಕಿದ್ದ ಹೋದ ವರ್ಷದ ಗಡ್ಡೆ ನವೆಂಬರಿನ ಕೊನೆಯಲ್ಲಿ ಮುಗಿಯಿತು. ದಾರಿಯಾ ಆಗ ಆರು ತಿಂಗಳ ಬಸುರಿ. ಅಂಗಳದ ಹಿಮವನ್ನೇ ಬಕೆಟ್ಟಿನಲ್ಲಿ ತುಂಬಿ ತಂದು ಒಲೆಯ ಮೇಲೆ ಕರಗಿಸತೊಡಗಿದಳು. ಒಂದು ಬಕೆಟ್ಟು ಹಿಮ ಕರಗಿದರೆ ಒಂದು ಸೌಟು ನೀರು, ಅದರಲ್ಲಿ ಎರಡು ಎಳೆ ಹುಲ್ಲು, ಒಮ್ಮೊಮ್ಮೆ ಕಾಗೆಯ ಗರಿ. ಆ ನೀರಿನ ಚಹಾ ಕುಡಿದರೆ ಬಿಸಿ ಬಿಸಿಯಾದ ಏನೂ ಇಲ್ಲದ್ದನ್ನು ಕುಡಿದಂತಾಗುತ್ತಿತ್ತು. ನಮ್ಮ ಕಡೆ ಹಿಮ ಕರಗಿಸಿ ಕುಡಿಯುವುದು ಬೇಟೆಗೆ ಹೋದವರು ಮತ್ತು ಮನೆಮಠ ಇಲ್ಲದವರು ಮಾತ್ರ.

"ಮುದುಕಪ್ಪಾ, ಬಹಿಲಾಯ್ ಮಾಮನ್ನ ಹತ್ತು ಗಡ್ಡೆ ಕೇಳ್ಕೊಂಡು ಬಾ. ಅವರೇನು ಇಲ್ಲ ಅನ್ನಲ್ಲ" ಎಂದಳು ದಾರಿಯಾ.

"ಇನ್ನು ಹದಿನೈದು ದಿನ ತಡ್ಕೋ. ಈಗ ಎರಡೂವರೆ ಗೇಣು ಆಗಿದೆ."

"ನಿನ್ನ ಗೇಣು ನೀನೇ ಕುದಿಸ್ಕೊಂಡು ಕುಡಿ."

ಹೀಗೆ ನಮ್ಮ ದಾಂಪತ್ಯ ಕುದಿಯುತ್ತಿರುವಾಗ ಅತ್ತೆಯ ತಂತಿ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: 'ಸೋಮವಾರ ಬರುತ್ತೇನೆ, ಚಹಾ ಕುಡಿಯಲು.' ಮುನ್ನೂರು ಕಿಲೋಮೀಟರು ದೂರದಿಂದ, ಐವತ್ತರ ಚಳಿಯಲ್ಲಿ, ಟ್ರಕ್ಕಿನಲ್ಲಿ ಕೂತು ಯಾರೂ ಬರಿಯ ಚಹಾ ಕುಡಿಯಲು ಬರುವುದಿಲ್ಲ. ಬಂದು ಮನೆ ನೋಡುತ್ತಾರೆ, ಕಟ್ಟಿಗೆ ನೋಡುತ್ತಾರೆ, ಗಡ್ಡೆಯ ಒಟ್ಟಿಲು ನೋಡುತ್ತಾರೆ. ಸರಿಯಿಲ್ಲವೆಂದು ಕಂಡರೆ ಹೆರಿಗೆಯ ನೆಪ ಹೇಳಿ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಒಮ್ಮೆ ಹೋದ ಮಗಳು ಮತ್ತೆ ಯಾವಾಗ ಬರುತ್ತಾಳೆ, ಬರುತ್ತಾಳೋ ಇಲ್ಲವೋ, ಅದು ಅತ್ತೆಯ ಕೈಯಲ್ಲಿ. ದಾರಿಯಾ ಇಲ್ಲದ ಆ ಮನೆಯಲ್ಲಿ, ಮಧ್ಯಾಹ್ನ ಎರಡಕ್ಕೇ ಕತ್ತಲಾಗುವ ಆ ದಿನಗಳಲ್ಲಿ, ನಾನೊಬ್ಬನೇ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಜಗಳವಾಡಲಿಕ್ಕಾದರೂ ಅವಳು ಬೇಕಿತ್ತು. ನಿಜ ಹೇಳಬೇಕೆಂದರೆ, ಎಲ್ಲದಕ್ಕೂ ಅವಳೇ ಬೇಕಿತ್ತು.

(ಈ ಸಾಲು ಓದಿ ದಾರಿಯಾ 'ಹ್ಞೂಂ' ಎಂದು ಅಡಿಗೆಮನೆಗೆ ಹೋಗಿದ್ದಾಳೆ. ಮುಂದಿನದನ್ನು ಅವಳು ಬರುವಷ್ಟರಲ್ಲಿ ಬೇಗ ಬೇಗ ಬರೆದುಬಿಡುತ್ತೇನೆ, ಅದು ಅವಳಿಗೆ ಇಂದಿಗೂ ತಿಳಿಯದು.)

ಭಾನುವಾರ ಬೆಳಿಗ್ಗೆ ಐವತ್ಮೂರು. ಬಹಿಲಾಯ್ ಮಾಮನ ಎತ್ತು ಮತ್ತು ಜಾರುಬಂಡಿಯನ್ನು ಕೇಳಿ ಪಡೆದೆ. ಅವರು ತಾವೂ ಬರುತ್ತೇನೆಂದರು, ಬೇಡವೆಂದೆ. ಜಿಂಕೆಯ ಕಾಲುಚರ್ಮದ ಬೂಟು, ಎರಡು ಪಾಯಿಜಾಮ, ಮೊಲದ ಚರ್ಮದ ಕೈಗವಸು, ನರಿಯ ತುಪ್ಪಳದ ಟೋಪಿ, ಇವೆಲ್ಲವನ್ನೂ ತೊಟ್ಟು ಮಹಾಪ್ರಸ್ಥಾನ ಹೊರಟಂತೆ ಹೊರಟೆ. ದಾರಿಯಾ ಬಾಗಿಲಲ್ಲಿ ನಿಂತು, ದೋಸೆ ಮರೆತೆ ಎಂದು ಕೂಗಿದ್ದು ಕಿವಿಗೆ ಬಿತ್ತು. ಆದರೆ ಹೊರಟವನು ತಿರುಗಿ ಮನೆಯೊಳಗೆ ಹೋದರೆ ಮತ್ತೆ ಹೊರಬರುವ ಧೈರ್ಯ ಇರುವುದಿಲ್ಲ ಎಂದು ಗೊತ್ತಿದ್ದರಿಂದ ಕೇಳಿಸದವನಂತೆ ನಡೆದೆ. ಹೀಗೆ ಅಜ್ಜಿಗೆ ಏನೂ ಕೊಡದೆ ಅಜ್ಜಿಯ ಬೆನ್ನ ಮೇಲೆ ಹಾರೆ ಎತ್ತಿದೆ.

ಮೂರು ಗೇಣು ದಪ್ಪದ ಗಡ್ಡೆಯನ್ನು ಹಾರೆಯಿಂದ ಸುತ್ತಲೂ ಕಡಿಯುವುದು ಎಂದರೆ ಏನೆಂದು ಕಪ್ಪು ಹಲಗೆ ನನಗೆ ಹೇಳಿರಲಿಲ್ಲ. ಮೊದಲ ಅರ್ಧ ಗಂಟೆ ಉತ್ಸಾಹ. ಎರಡನೆಯ ಅರ್ಧ ಗಂಟೆ ಹಟ. ಆಮೇಲೆ ಬರಿಯ ಹಾರೆ. ಕನ್ನಡಕದ ತಂತಿ ಕೆನ್ನೆಯನ್ನು ಸುಡತೊಡಗಿದ್ದರಿಂದ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಮೀಸೆ ಗಡ್ಡೆಯಾಗಿ ಟೋಪಿಯ ದಾರಕ್ಕೆ ಅಂಟಿಕೊಂಡಿತು, ಬಾಯಿ ತೆರೆಯಬೇಕೆಂದರೆ ತಲೆಯನ್ನೇ ಅಲ್ಲಾಡಿಸಬೇಕಿತ್ತು. ಎತ್ತು ಮಾತ್ರ ಮೂಗಿನಿಂದ ಬಿಳಿ ಹೊಗೆ ಬಿಡುತ್ತ, ನನ್ನ ಕೆಲಸವನ್ನು ಪರೀಕ್ಷಕರಂತೆ ನೋಡುತ್ತ ನಿಂತಿತ್ತು.

ಕೊನೆಗೆ ಹಾರೆ ಕೆಳಗಿನ ನೀರು ಮುಟ್ಟಿತು. ಗಡ್ಡೆ ಬಿಡಿಸಿಕೊಂಡು ತೇಲಿತು. ನಾನು ಜಯಭೇರಿ ಹೊಡೆಯುವ ಮೊದಲೇ ನೀರು ಬಿರುಕಿನಿಂದ ಮೇಲೆ ಉಕ್ಕಿ ಸುತ್ತ ಹರಡಿತು. ಹಗ್ಗ ಕಟ್ಟಿ ಎಳೆದೆ, ಬರಲಿಲ್ಲ. ಎತ್ತಿಗೆ ಕಟ್ಟಿ ಎಳೆಸಿದೆ, ಗಡ್ಡೆ ಅರ್ಧ ಮೇಲೆ ಬಂದು, ಓರೆಯಾಗಿ ಸಿಕ್ಕಿಕೊಂಡು, ಅಲ್ಲೇ ಹೆಪ್ಪುಗಟ್ಟಿ ಕೂತುಬಿಟ್ಟಿತು. ಆಗ ಲೆಕ್ಕ ಹಾಕಿದೆ: ಆ ಒಂದು ಗಡ್ಡೆಯ ತೂಕ ಇಬ್ಬರು ಮೇಷ್ಟ್ರುಗಳಷ್ಟು. ಅಂಥವು ಇಪ್ಪತ್ತು. ಎತ್ತುವುದು ಯಾರು ಎಂಬ ಬಹಿಲಾಯ್ ಮಾಮನ ಪ್ರಶ್ನೆ ಪಠ್ಯಕ್ರಮದ ಒಳಗೇ ಇತ್ತೆಂದು ಆಗ ಹೊಳೆಯಿತು.

ಇಷ್ಟು ಸಾಕು, ಮನೆಗೆ ಹೋಗೋಣ ಎಂದು ಕಾಲೆತ್ತಿದೆ. ಕಾಲು ಬರಲಿಲ್ಲ. ಇನ್ನೊಂದನ್ನು ಎತ್ತಿದೆ, ಅದೂ ಬರಲಿಲ್ಲ. ಉಕ್ಕಿದ ನೀರಿನಲ್ಲಿ ನಿಂತಿದ್ದ ನನ್ನ ಬೂಟುಗಳು, ನಾನು ತೂಕದ ಲೆಕ್ಕ ಹಾಕುವಷ್ಟರಲ್ಲಿ, ಸರೋವರಕ್ಕೆ ಅಂಟಿಕೊಂಡಿದ್ದವು. ಬೂಟು ಬಿಚ್ಚಿ ಬರಿಗಾಲಲ್ಲಿ ಓಡೋಣವೆಂದರೆ ಐವತ್ಮೂರು. ಹಾರೆ ಹತ್ತು ಹೆಜ್ಜೆ ಆಚೆ. ಕೈಗವಸು ನೆಂದು ಕಟ್ಟಿಗೆಯಾಗಿತ್ತು. ಬೇಸರಕ್ಕೋ ಭಯಕ್ಕೋ ಕಣ್ಣಲ್ಲಿ ನೀರು ಬಂತು. ಬಂದದ್ದೇ ತಡ, ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡು ಎರಡು ಕಣ್ಣೂ ಮುಚ್ಚಿಹೋದವು. ಟೋಪಿಯ ಕಿವಿಮುಚ್ಚುಗಳನ್ನು ಬಿಗಿಯಾಗಿ ಕಟ್ಟಿದ್ದರಿಂದ ಏನೂ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಹೀಗೆ ಕುರುಡನಾಗಿ, ಕಿವುಡನಾಗಿ, ಕಂಬವಾಗಿ ನಿಂತಿದ್ದೆ.

ಆಗ ಎಲ್ಲೋ ಹತ್ತಿರದಲ್ಲಿ, ನೆಲದಿಂದಲೇ ಎದ್ದು ಬಂದಂತೆ, ಒಬ್ಬ ಮುದುಕಿಯ ಧ್ವನಿ ಕೇಳಿಸಿತು.

"ಯಾರಪ್ಪಾ ಅದು? ಇಲ್ಲಿ ಯಾಕೆ ಹೀಗೆ ನಿಂತಿದ್ದೀಯ?"

ನನ್ನ ಕೈಕಾಲು ತಣ್ಣಗಾಯಿತು ಎನ್ನೋಣವೆಂದರೆ ಅವು ಮೊದಲೇ ತಣ್ಣಗಾಗಿದ್ದವು. ಅಜ್ಜಿ. ದೋಸೆ ಕೊಡದೆ ಹೊಟ್ಟೆಗೆ ಹಾರೆ ಹಾಕಿದ್ದಕ್ಕೆ ಸರೋವರದ ಅಜ್ಜಿಯೇ ನನ್ನ ಕಾಲು ಹಿಡಿದುಕೊಂಡು ವಿಚಾರಣೆಗೆ ನಿಂತಿದ್ದಾಳೆ. ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ವಿಜ್ಞಾನ ಓದಿದವನು. ಆ ನಾಲ್ಕು ವರ್ಷ ಒಂದು ಉಸಿರಿಗೆ ಹಾರಿಹೋಯಿತು.

"ತಪ್ಪಾಯ್ತು ಅಜ್ಜೀ. ದೋಸೆ ತರಲಿಲ್ಲ. ಮನೆಗೆ ಹೋಗಿ ಎರಡರಷ್ಟು ತಂದುಕೊಡ್ತೀನಿ."

ಧ್ವನಿ ಇನ್ನಷ್ಟು ಹತ್ತಿರ ಬಂತು. ಆಮೇಲೆ, "ಈ ಚಳೀಲಿ ಒಬ್ಬನೇ ಬಂದು ಗಡ್ಡೆ ಕಡಿಯೋ ಅಂಥದ್ದೇನಾಗಿತ್ತು?" ಎಂದು ಕೇಳಿತು.

ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿಬಿಟ್ಟೆ. ಗೇಣಿನ ಲೆಕ್ಕ, ಊರವರನ್ನು ಮೂರ್ಖರೆಂದದ್ದು, ಬಸುರಿ ಹೆಂಡತಿ ಮೂರು ವಾರದಿಂದ ಹಿಮ ಕರಗಿಸಿ ಕುಡಿಯುತ್ತಿರುವುದು, ಅದರಲ್ಲಿ ಕಾಗೆಯ ಗರಿ ಬಂದದ್ದು. ಬಾಯಿ ತೆರೆಯಲಾಗದ್ದರಿಂದ ಪ್ರತಿ ಮಾತಿಗೂ ತಲೆ ಅಲ್ಲಾಡಿಸುತ್ತ ಹೇಳಿದೆ.

"ನಾಳೆ ನಮ್ಮತ್ತೆ ಮಾತ್ರ್ಯೋನಾ ಬರ್ತಾರೆ ಅಜ್ಜೀ. ಅವರಿಗೆ ಮಾತ್ರ ಇದು ತಿಳೀಬಾರದು. ತಿಳಿದ್ರೆ ಅವಳನ್ನ ಕರ್ಕೊಂಡು ಹೋಗ್ತಾರೆ. ನಾನೊಬ್ಬನೇ ಏನು ಮಾಡ್ಲಿ? ನನಗೆ ಒಲೆ ಹೊತ್ತಿಸೋಕೂ ಸರಿಯಾಗಿ ಬರಲ್ಲ. ಅವಳಿಲ್ಲದಿದ್ರೆ ನನಗೆ ಈ ಊರು ಬೇಡ, ಈ ಚಳಿಗಾಲಾನೂ ಬೇಡ."

"ನಿಮ್ಮತ್ತೆ ಅಷ್ಟೊಂದು ಕೆಟ್ಟವಳಾ?"

"ಕೆಟ್ಟವರಲ್ಲ ಅಜ್ಜೀ. ಅವರು ನನ್ನ ಕೈ ನೋಡಿದ್ದು ಸರಿಯಾಗೇ ಇತ್ತು."

ಆಮೇಲೆ ಬೆಚ್ಚಗಿನ ಎರಡು ಹೆಬ್ಬೆರಳು ನನ್ನ ರೆಪ್ಪೆಗಳ ಮೇಲೆ ಬಂದು ಕೂತವು. ಗಡ್ಡೆ ಕರಗಿ ಮೊದಲು ಎಡಗಣ್ಣು ತೆರೆಯಿತು, ಆಮೇಲೆ ಬಲಗಣ್ಣು. ನರಿಯ ತುಪ್ಪಳದ ಟೋಪಿಯೊಳಗೆ, ಒಂದು ಗೇಣು ದೂರದಲ್ಲಿ, ಅತ್ತೆಯ ಮುಖ ಇತ್ತು.

"ಮೇಷ್ಟ್ರೇ, ಟ್ರಕ್ಕು ಒಂದು ದಿನ ಮುಂಚೆ ಹೊರಡ್ತು" ಎಂದರು ಅತ್ತೆ.

ಚಳಿಗಾಲದ ದಾರಿ ಸರೋವರದ ಮೇಲೇ ಹಾದುಹೋಗುತ್ತಿದ್ದದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೂರು ಹೆಜ್ಜೆ ಆಚೆ ಮಂಜಿನಲ್ಲಿ ಟ್ರಕ್ಕು ಗುರುಗುಟ್ಟುತ್ತ ನಿಂತಿತ್ತು. ಆ ಚಳಿಯಲ್ಲಿ ಇಂಜಿನ್ ಆರಿಸಿದರೆ ಮತ್ತೆ ಹೊತ್ತಿಸುವುದು ವಸಂತಕ್ಕೇ ಆದ್ದರಿಂದ ಚಾಲಕ ಇಳಿದು ಬರಲಿಲ್ಲ, ಒಳಗೇ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದನಂತೆ. ಯಾರೋ ಕುಡಿದು ನಿಂತಿದ್ದಾನೆ, ಸತ್ತುಹೋದಾನು ಎಂದು ಅತ್ತೆ ಇಳಿದು ಬಂದಿದ್ದರಂತೆ. ಮೈಯೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ್ದರಿಂದ ನನ್ನ ಗುರುತು ಅವರಿಗೂ ಸಿಕ್ಕಿರಲಿಲ್ಲ, ತಮ್ಮ ಹೆಸರು ನನ್ನ ಬಾಯಲ್ಲಿ ಬರುವವರೆಗೆ.

ಮುಖಕ್ಕೆ ಮಂಗಳಾರತಿ ಆಗುತ್ತದೆಂದು ಕಾದೆ. ಆಗಲಿಲ್ಲ. ಅರವತ್ತೆರಡು ವರ್ಷದ ಅತ್ತೆ ಜಾರುಬಂಡಿಯಿಂದ ಕೊಡಲಿ ತಂದು ನನ್ನ ಬೂಟುಗಳ ಸುತ್ತ ಚಕ ಚಕ ಕಡಿದರು. ಎರಡು ಅಂಗುಲ ದಪ್ಪದ ಗಡ್ಡೆಯ ಅಟ್ಟೆಗಳ ಸಮೇತ ನಾನು ಸರೋವರದಿಂದ ಬಿಡುಗಡೆ ಹೊಂದಿದೆ. ಆಮೇಲೆ ಅವರು ತಮ್ಮ ಬುತ್ತಿಯಿಂದ ಒಂದು ಚೂರು ದೋಸೆ ಮುರಿದು ಗಡ್ಡೆಯ ಮೇಲಿಟ್ಟು, ಏನೋ ಪಿಸುಗುಟ್ಟಿ, ನಾನು ನೀರಿಗೆ ತಲುಪಲು ಕಡಿದಿದ್ದ ತೋಡಿನ ಅಂಚಿನಲ್ಲಿ ಕೂತರು. ಮೇಲೆ ಒಂದು ಗೀರು ಎಳೆದು, ಪಕ್ಕದಿಂದ ಒಂದು ಗೇಣು ಕೆಳಗೆ ಹಾರೆಯಿಂದ ನಾಲ್ಕು ಏಟು ಹಾಕಿದರು. ಟಣ್ ಎಂದು ಒಂದು ಗೇಣು ದಪ್ಪದ ಚಪ್ಪಡಿ, ಒಣಗಿದ್ದು, ಶುಭ್ರವಾದದ್ದು, ಬಿಡಿಸಿಕೊಂಡು ಬಂತು. ಕಾಲು ಗಂಟೆಯಲ್ಲಿ ಅಂಥವು ಹನ್ನೆರಡು ಬಂದವು. ದಪ್ಪ ಎಷ್ಟೇ ಇದ್ದರೂ ಮೇಲಿನ ಗೇಣಷ್ಟನ್ನೇ ಸೀಳಿ ತೆಗೆಯಬಹುದೆಂದು ಆ ಊರಿನ ಹಸುಳೆಗೂ ಗೊತ್ತಿತ್ತಂತೆ.

"ಅಜ್ಜಿ ಬೆನ್ನ ಮೇಲಿಂದಾನೇ ಕೊಡ್ತಾಳಲ್ಲ ಮೇಷ್ಟ್ರೇ. ಹೊಟ್ಟೆ ಯಾಕೆ ಬಗೀಬೇಕು?" ಎಂದರು.

ಅದಿಷ್ಟೇ ಅವರು ಆಡಿದ ಮಾತು. ಮನೆಯವರೆಗೆ ನಾನು ಗಡ್ಡೆಯ ಹಿಮ್ಮಡಿಗಳ ಮೇಲೆ ಟಕ್ ಟಕ್ ಎಂದು, ಎರಡು ಅಂಗುಲ ಎತ್ತರವಾಗಿ, ಎತ್ತಿನ ಹಿಂದೆ ನಡೆದೆ. ಊರಿನ ಎಲ್ಲ ಕಿಟಕಿಗಳಲ್ಲೂ ಜನ ಗಾಜಿನ ಮೇಲಿನ ಹೂಮಂಜನ್ನು ಉಗುರಿನಿಂದ ಕೆರೆದು ಇಣುಕಿದರು.

(ದಾರಿಯಾ ವಾಪಸ್ಸು ಬಂದಳು. ಇನ್ನು ಮುಂದಿನದು ಅವಳ ಎದುರಿಗೇ.)

ಮನೆಯಲ್ಲಿ ಅತ್ತೆ ಟೋಪಿ ತೆಗೆದು, ಒಲೆಯನ್ನು ನೋಡಿ, ಕಟ್ಟಿಗೆಯನ್ನು ನೋಡಿ, ಮೂಲೆಯಲ್ಲಿ ಅರ್ಧ ಹಿಮ ತುಂಬಿದ ಬಕೆಟ್ಟನ್ನು ನೋಡಿಯೂ ನೋಡದವರಂತೆ ಕೂತರು. ಚಪ್ಪಡಿ ಕರಗಿಸಿ, ಹಾಲಿನ ಬಿಲ್ಲೆ ಒಡೆದು ಹಾಕಿ, ದಾರಿಯಾ ಚಹಾ ಮಾಡಿದಳು. ಮೂರು ವಾರಗಳ ಮೇಲೆ ಮನೆಯಲ್ಲಿ ಚಹಾದ ವಾಸನೆ ಬಂತು. ಅತ್ತೆ ಮೂರು ಬಟ್ಟಲು ಕುಡಿದು, ಇನ್ನು ಸಾಕೆಂದು ಬಟ್ಟಲನ್ನು ಬೋರಲು ಹಾಕಿದರು.

"ಟ್ರಕ್ಕು ನಾಳೆ ವಾಪಸ್ ಹೋಗುತ್ತೆ. ಬಟ್ಟೆ ಕಟ್ಕೋ ಮಗಳೇ" ಎಂದರು.

ನಾನು ಗೋಡೆಗೆ ಒರಗಿದವನು ಹಾಗೇ ನಿಧಾನವಾಗಿ ಕುಸಿದು ಕೂತೆ. ಇಡೀ ತಿಂಗಳು ನನ್ನನ್ನು ಬೈಯುತ್ತಿದ್ದ ದಾರಿಯಾ ಆಗ ಬೆಂಕಿಯಾದಳು. ಬರುವುದಿಲ್ಲ ಎಂದಳು. ಈ ಮನುಷ್ಯ ದಡ್ಡ, ಸೋಮಾರಿ, ಕೊಡಲಿಯ ಹಿಡಿ ಯಾವುದು ತಲೆ ಯಾವುದು ಎಂದು ಗೊತ್ತಿಲ್ಲ ಎಂದು ನನ್ನ ಗುಣಗಾನವನ್ನು ವಿಸ್ತಾರವಾಗಿ ಮಾಡಿದಳು. (ಇಷ್ಟೊಂದು ಹೇಳಿರಲಿಲ್ಲ ಅನ್ನುತ್ತಾಳೆ ಈಗ. ಹೇಳಿದ್ದಳು.)

"ಆದ್ರೆ ಐವತ್ಮೂರರಲ್ಲಿ ಒಬ್ಬನೇ ಸರೋವರಕ್ಕೆ ಹೋಗಿದ್ದು ನಂಗೋಸ್ಕರ ಅಮ್ಮ. ನಾನು ಬಿಟ್ಟು ಬಂದ್ರೆ ಈ ಮುದುಕ ಮಾರ್ಚಿಗೆ ಮೊದಲೇ ಸತ್ತುಹೋಗ್ತಾನೆ."

ಅತ್ತೆ ನನ್ನ ಕಡೆ ನೋಡಿದರು. ಸರೋವರದ ಮೇಲೆ ನಡೆದದ್ದನ್ನು ಈಗ ಹೇಳುತ್ತಾರೆ ಎಂದುಕೊಂಡು ತಲೆ ತಗ್ಗಿಸಿದೆ. ಅವರು ಹೇಳಲಿಲ್ಲ. ಆಗಲೂ ಹೇಳಲಿಲ್ಲ, ಆಮೇಲೆ ಎಂದೂ ಹೇಳಲಿಲ್ಲ.

"ಅದು ನನಗೂ ಗೊತ್ತು. ಹಾಗಾದ್ರೆ ಇನ್ನೇನು ಮಾಡೋದು, ನಾನೇ ಇರ್ತೀನಿ" ಎಂದರು.

ಹೀಗೆ ಹೆಂಡತಿಯನ್ನು ಉಳಿಸಿಕೊಳ್ಳಲು ಹೋದವನಿಗೆ ಅತ್ತೆಯೂ ಉಳಿದರು. ಹೆರಿಗೆಯವರೆಗೆ ಎಂದರು. ಆಮೇಲೆ ಮಗುವಿಗೆ ಹಲ್ಲು ಬರುವವರೆಗೆ ಎಂದರು. ಮುಂದಿನ ಟ್ರಕ್ಕಿನಲ್ಲಿ ಅವರ ಪೆಟ್ಟಿಗೆ ಬಂತು, ಅದರ ಮುಂದಿನದರಲ್ಲಿ ಹೊಲಿಗೆಯಂತ್ರ, ಬೇಸಿಗೆಯಲ್ಲಿ ಎರಡು ಹಸು. ಒಟ್ಟು ಹತ್ತೊಂಬತ್ತು ವರ್ಷ ಇದ್ದರು.

ಪ್ರತಿ ನವೆಂಬರಿನಲ್ಲಿ, ಅಜ್ಜಿಯ ಮೇಲೆ ಗೇಣು ದಪ್ಪ ಕಟ್ಟಿತೋ ಇಲ್ಲವೋ, ಅತ್ತೆ ನನ್ನ ಹೊದಿಕೆ ಎಳೆಯುತ್ತಿದ್ದರು. ಜಾರುಬಂಡಿಯ ಮೇಲೆ ಮೊಲದ ಚರ್ಮ ಹೊದ್ದು ಕೂತು, ಇಡೀ ಊರಿಗೆ ಕೇಳುವಂತೆ ಅಪ್ಪಣೆ ಕೊಡುತ್ತಿದ್ದರು. ಗೀರು ಸೊಟ್ಟ ಮೇಷ್ಟ್ರೇ, ಹಾರೆ ನೆಟ್ಟಗೆ ಹಿಡೀರಿ ಮೇಷ್ಟ್ರೇ, ಅದು ಗಡ್ಡೆ, ಸೀಮೆಸುಣ್ಣ ಅಲ್ಲ ಮೇಷ್ಟ್ರೇ. ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ನಡುವೆ ಎಲ್ಲರೂ ಕೂತು ಬಿಸಿ ಚಹಾ ಕುಡಿಯುತ್ತಿದ್ದೆವು, ಹೆಪ್ಪುಗಟ್ಟಿದ ಮೀನನ್ನು ಚಾಕುವಿನಿಂದ ತೆಳ್ಳಗೆ ಹೆರೆದು ಉಪ್ಪಿನಲ್ಲಿ ಅದ್ದಿ ತಿನ್ನುತ್ತಿದ್ದೆವು. ಉಸಿರು, ಹಬೆ, ನಗು ಎಲ್ಲ ಒಂದೇ ಬಿಳಿ ಮೋಡವಾಗಿ ತಲೆಯ ಮೇಲೆ ನಿಲ್ಲುತ್ತಿತ್ತು. ಅಷ್ಟು ಚಳಿಯಲ್ಲಿ ಅಷ್ಟು ಬೆಚ್ಚಗೆ ನಾನು ಮತ್ತೆಂದೂ ಇರಲಿಲ್ಲ. ಅದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಪಟ್ಟಣದ ಈ ಬಿಸಿನೀರಿನ ಕೊಳವೆಯ ಮನೆಯಲ್ಲಿ ಕೂತು.

ಹತ್ತೊಂಬತ್ತನೆಯ ವರ್ಷದ ನವೆಂಬರಿನಲ್ಲಿ ಅತ್ತೆಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಣ್ಣೂ ಮಬ್ಬಾಗಿತ್ತು. ಹೊದಿಕೆ ಎಳೆಯುವವರಿಲ್ಲದೆ ನಾನೇ ಬೆಳಗಾಗುತ್ತಲೇ ಎದ್ದು, ದೋಸೆ ಜೇಬಿಗೆ ಹಾಕಿಕೊಂಡು, ಸರೋವರಕ್ಕೆ ಹೋದೆ. ದಿನವಿಡೀ ಯಾರೂ ಬೈಯಲಿಲ್ಲ. ಆ ನಿಶ್ಶಬ್ದದಲ್ಲಿ ಕೈ ತಾನಾಗಿ ಎಚ್ಚರಿಕೆಯಿಂದ ನಡೆಯಿತು. ಕಡಿದವುಗಳಲ್ಲಿ ಒಳ್ಳೆಯದಾದ ಒಂದು ಸಣ್ಣ ಗಡ್ಡೆಯನ್ನು ಎದೆಗವಚಿ ಒಳಗೆ ತಂದು, ಅತ್ತೆಯ ಮಂಚದ ಪಕ್ಕದ ಮಣೆಯ ಮೇಲೆ ಇಟ್ಟೆ. ದಾರಿಯಾ ಅವರನ್ನು ಎಬ್ಬಿಸಿ ಕೂರಿಸಿದಳು.

ಅತ್ತೆ ಬರಿಗೈಯಿಂದ ಗಡ್ಡೆಯನ್ನು ಸವರಿದರು. ನಾಲ್ಕೂ ಅಂಚುಗಳ ಮೇಲೆ ಬೆರಳಾಡಿಸಿದರು.

"ಅಂಚು ನೆಟ್ಟಗಿದೆ. ಒಳಗೆ ಒಂದು ಬಿರುಕಿಲ್ಲ. ಇಂಥ ಗಡ್ಡೆ ನಮ್ಮಪ್ಪ ಕಡಿತಿದ್ದ" ಎಂದರು.

ಹತ್ತೊಂಬತ್ತು ವರ್ಷ ಆ ಒಂದು ಮಾತಿಗೆ ಕಾದಿದ್ದೆನೆಂದು ನನಗೇ ಆಗ ತಿಳಿಯಿತು. ಟೋಪಿ ಹಿಡಿದುಕೊಂಡು ನಿಂತಿದ್ದಾಗ, ಅತ್ತೆ ಕೈ ಚಾಚಿ ಮಗಳ ಕೈ ಹಿಡಿದುಕೊಂಡರು.

"ನಿನ್ನ ಕೈ ಚೆನ್ನಾಗಿ ಪಳಗಿದೆ ದಾರಿಯಾ. ಇನ್ಮೇಲೆ ನನಗೆ ಯೋಚನೆಯಿಲ್ಲ. ಮೇಷ್ಟ್ರನ್ನ ಮಾತ್ರ ಚಳೀಲಿ ಒಬ್ಬರನ್ನೇ ಹೊರಗೆ ಕಳಿಸಬೇಡ."

ದಾರಿಯಾ ನನ್ನ ಮುಖ ನೋಡಿದಳು. ನಾನು ಹೇಳಬೇಡವೆಂದು ತಲೆಯಾಡಿಸಿದೆ.

"ಆಗಲಮ್ಮ, ಕಳಿಸಲ್ಲ" ಎಂದಳು.

ಆ ಚಳಿಗಾಲ ಮುಗಿಯುವ ಮೊದಲೇ ಅತ್ತೆ ಹೋದರು. ಅಲ್ಲಿಯವರೆಗೆ ಮಾತಾಡಿಸಲು ಬಂದವರಿಗೆಲ್ಲ ಅಂಗಳದ ಒಟ್ಟಿಲನ್ನು ತೋರಿಸಿ, ನನ್ನ ಮಗಳು ಕಡಿದದ್ದು ಎಂದು ಹೇಳುತ್ತಿದ್ದರು. ಬಂದವರಿಗೆ ಒಳಗೆ ಚಹಾ ಸೋಸಿ ಕೊಡುತ್ತಿದ್ದವನು ನಾನು.